ಜಿಟಿಕೆ 3ರಿಂದ 4ಕ್ಕೆ: ವಾಚನಾಲಯದ ತಂತ್ರಾಂಶವನ್ನು ದಾಟಿಸಿದ ಅನುಭವ

ನಮ್ಮೂರ ವಾಚನಾಲಯದಲ್ಲಿ ಪುಸ್ತಕ ಎರವಲಿನ ಲೆಕ್ಕ ಇಡುವ ತಂತ್ರಾಂಶವನ್ನು ಜಿಟಿಕೆ 3ರಿಂದ ಜಿಟಿಕೆ 4ಕ್ಕೆ ದಾಟಿಸುವ ಕೆಲಸ ಕಳೆದ ವಾರ ಮುಗಿಯಿತು. ತಂತ್ರಾಂಶದ ಕಿಟಕಿ, ಬಟನ್, ಪಟ್ಟಿಗಳನ್ನು ಕಟ್ಟಲು ಬಳಸುವ ಲೈಬ್ರರಿಯೇ ಜಿಟಿಕೆ. ಮಳೆಗಾಲದ ಶುರುವಿನಲ್ಲಿ ಕೈ ಹಾಕಿದ್ದು, ದೀಪಾವಳಿ ಕಳೆದ ಮೇಲೆ ಒಂದು ಹದಕ್ಕೆ ಬಂತು. ಇದೇ ದಾರಿ ಹಿಡಿಯುವವರಿಗೆ ಎಲ್ಲೆಲ್ಲಿ ತೊಡಕಿದೆ ಎಂದು ಮೊದಲೇ ಗೊತ್ತಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ. ಅದರಲ್ಲೂ ಕನ್ನಡದಲ್ಲಿ ಟೈಪ್ ಮಾಡುವವರಿಗಾಗಿ ತಂತ್ರಾಂಶ ಬರೆಯುವವರಿಗೆ ಎದುರಾಗುವ ಕೆಲವು ಸಮಸ್ಯೆಗಳಿವೆ. ನಾನು ಓದಿದ ಇಂಗ್ಲಿಷ್ ಕೈಪಿಡಿಗಳಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ. ಎಲ್ಲವೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ತಂತ್ರಾಂಶ ದೊಡ್ಡದೇನಲ್ಲ. ಪೈಥಾನ್‌ನಲ್ಲಿ ಬರೆದದ್ದು. ಹಿಂದೆ ಲೆಕ್ಕವೆಲ್ಲ ಇರುವ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತ, ಮುಂದೆ ಸದಸ್ಯರ ಪಟ್ಟಿ, ಪುಸ್ತಕಗಳ ಪಟ್ಟಿ, ಎರವಲು, ವಾಪಸು, ದಂಡದ ರಸೀದಿ, ಇಷ್ಟೇ ಕಿಟಕಿಗಳು. ಪಕ್ಕದೂರಿನ ಒಂದು ಶಾಲೆಯವರೂ ಅದನ್ನೇ ಬಳಸುತ್ತಾರೆ. ಚೆನ್ನಾಗಿಯೇ ಓಡುತ್ತಿತ್ತು. ದಾನಿಯೊಬ್ಬರು ವಾಚನಾಲಯಕ್ಕೆ ಹೊಸ ಲ್ಯಾಪ್‌ಟಾಪ್ ಕೊಟ್ಟ ಮೇಲೆ ಸಮಸ್ಯೆ ಶುರುವಾಯಿತು. ಅದರ ಪರದೆ ಚಿಕ್ಕದು, ಪಿಕ್ಸೆಲ್ ಸಾಂದ್ರತೆ ಹೆಚ್ಚು, ಹಾಗಾಗಿ ಅಳತೆಯನ್ನು ಶೇಕಡಾ 125ಕ್ಕೆ ಇಟ್ಟಿದ್ದರು. ಜಿಟಿಕೆ 3ಕ್ಕೆ ಒಂದು ಪಟ್ಟು, ಎರಡು ಪಟ್ಟು ಗೊತ್ತು, ಒಂದೂಕಾಲು ಗೊತ್ತಿಲ್ಲ. ಅದು ಎಲ್ಲವನ್ನೂ ಎರಡು ಪಟ್ಟು ದೊಡ್ಡದಾಗಿ ಬರೆದುಕೊಡುತ್ತದೆ, ಡೆಸ್ಕ್‌ಟಾಪ್ ಅದನ್ನು ಕುಗ್ಗಿಸಿ ತೋರಿಸುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಆ ಮಂಕು ಅಷ್ಟಾಗಿ ಕಾಣುವುದಿಲ್ಲ. ಕನ್ನಡದ ಒತ್ತಕ್ಷರಗಳಲ್ಲಿ ಎದ್ದು ಕಾಣುತ್ತದೆ. ವಾಚನಾಲಯ ನೋಡಿಕೊಳ್ಳುವ ನಿವೃತ್ತ ಮೇಷ್ಟ್ರು ಒಂದು ಸಂಜೆ ಫೋನ್ ಮಾಡಿ, "ಒತ್ತಕ್ಷರ ಎಲ್ಲ ಮಸಕು ಮಸಕು ಕಾಣ್ತದಲ್ಲೋ. ಕನ್ನಡಕ ಬದಲಿಸಬೇಕೋ, ನಿನ್ನ ಪ್ರೋಗ್ರಾಂ ಬದಲಿಸಬೇಕೋ, ಒಂದ್ಸಲ ಬಂದು ನೋಡು ಮಾರಾಯ" ಎಂದರು.

ಜಿಟಿಕೆ 4.14ರ ಹೊಸ ರೆಂಡರರ್ (ಪರದೆಯ ಮೇಲೆ ಬಿಡಿಸುವ ಭಾಗ) ವೇಲ್ಯಾಂಡ್ ಎಂಬ ಲಿನಕ್ಸ್‌ನ ಹೊಸ ಪರದೆ ವ್ಯವಸ್ಥೆಯ ಮೇಲೆ ಇಂಥ ಭಿನ್ನಾಂಕದ ಅಳತೆಯನ್ನು ನೇರವಾಗಿ ನಿಭಾಯಿಸುತ್ತದೆ. ಇನ್ನೊಂದು ಕಾರಣವೂ ಇತ್ತು. ಜಿಟಿಕೆ 3 ಬಂದದ್ದು 2011ರಲ್ಲಿ, ಜಿಟಿಕೆ 4 ಬಂದದ್ದು 2020ರ ಡಿಸೆಂಬರ್‌ನಲ್ಲಿ. 4 ಬಂದಾಗ ಜಿಟಿಕೆ 2ರ ನಿರ್ವಹಣೆ ನಿಂತಿತು. 5 ಬಂದಾಗ 3ರದ್ದೂ ನಿಲ್ಲುತ್ತದೆ. ಆ ದಿನ ಅವಸರದಲ್ಲಿ ಮಾಡುವ ಬದಲು ಈಗಲೇ ಸಮಾಧಾನವಾಗಿ ಮಾಡೋಣ ಎನಿಸಿತು.

ಕೋಡ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿದೆ, ನೀವೂ ತಪ್ಪದೆ ಮಾಡಿ: ನಿಮ್ಮ ಬಳಕೆದಾರರ ಯಂತ್ರಗಳಲ್ಲಿ ಜಿಟಿಕೆ 4ರ ಯಾವ ಉಪ ಆವೃತ್ತಿ ಸಿಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹೊಸ ಲ್ಯಾಪ್‌ಟಾಪಿನಲ್ಲಿ ಉಬುಂಟು 24.04, ಅಂದರೆ ಜಿಟಿಕೆ 4.14. ವಾಚನಾಲಯದ ಹಳೆ ಡೆಸ್ಕ್‌ಟಾಪಿನಲ್ಲಿ ಡೆಬಿಯನ್ 12, ಅಲ್ಲಿ 4.8. ಶಾಲೆಯಲ್ಲಿ ಉಬುಂಟು 22.04, ಅಲ್ಲಿ 4.6. ಎಲ್ಲವೂ ಜಿಟಿಕೆ 4 ಹೌದು, ಆದರೆ 4.10ರಲ್ಲಿ ಬಂದ ಹೊಸ ಫೈಲ್ ಡೈಲಾಗ್, ಅಲರ್ಟ್ ಡೈಲಾಗ್ (ಫೈಲ್ ಆರಿಸಲು, ಪ್ರಶ್ನೆ ಕೇಳಲು ತೆರೆಯುವ ಸಣ್ಣ ಕಿಟಕಿಗಳು) ಎರಡೂ ಈ ಕೊನೆಯ ಎರಡು ಯಂತ್ರಗಳಲ್ಲಿ ಇಲ್ಲವೇ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಹೊಸ ಉದಾಹರಣೆಗಳು ಅವನ್ನೇ ಬಳಸುತ್ತವೆ. ಅಧಿಕೃತ ದಾಖಲೆಯಲ್ಲಿ ಪ್ರತಿ ಫಂಕ್ಷನ್ ಪಕ್ಕ ಅದು ಯಾವ ಆವೃತ್ತಿಯಿಂದ ಇದೆ ಎಂದು ಬರೆದಿರುತ್ತಾರೆ. ಅದನ್ನು ನೋಡದೆ ಒಂದು ಸಾಲೂ ನಕಲಿಸಬೇಡಿ. ನಾನು 4.6ನ್ನೇ ಗೆರೆಯಾಗಿ ಇಟ್ಟುಕೊಂಡೆ. ಮುಂದಿನ ಅರ್ಧ ನಿರ್ಧಾರಗಳು ಅಲ್ಲೇ ಆಗಿಹೋದವು.

ದಾಖಲೆ ಎಂದರೆ ಮುಖ್ಯವಾಗಿ ಜಿಟಿಕೆಯವರೇ ಬರೆದ ವಲಸೆ ಮಾರ್ಗದರ್ಶಿ. ಅದನ್ನು ಮುದ್ರಿಸಿಕೊಂಡು ನನ್ನ ಕೋಡಿಗೆ ಸಂಬಂಧಪಟ್ಟ ಕಡೆಗೆಲ್ಲ ಪೆನ್ಸಿಲ್ ಗುರುತು ಹಾಕಿದೆ. ಉದಾಹರಣೆಗಳೆಲ್ಲ ಸಿ ಭಾಷೆಯಲ್ಲಿವೆ, ಪೈಥಾನ್‌ನವರು ಮನಸ್ಸಿನಲ್ಲೇ ಬದಲಿಸಿಕೊಂಡು ಓದಬೇಕು. ಅದರ ಮೊದಲ ಭಾಗ ಪೂರ್ತಿ ಜಿಟಿಕೆ 3ರಲ್ಲಿ ಇರುವಾಗಲೇ ಮಾಡಬಹುದಾದ ಕೆಲಸಗಳ ಬಗ್ಗೆ. ಹೆಚ್ಚಿನವರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾರಿಸಬೇಡಿ. ಒಂದೇ ಪ್ರೋಗ್ರಾಮಿನಲ್ಲಿ ಜಿಟಿಕೆ 3 ಮತ್ತು 4 ಎರಡನ್ನೂ ತುಂಬಿಕೊಳ್ಳಲು ಆಗುವುದಿಲ್ಲ. ಈ ವಾರ ಸದಸ್ಯರ ಕಿಟಕಿ, ಮುಂದಿನ ವಾರ ಪುಸ್ತಕದ ಕಿಟಕಿ ಎಂದು ಒಂದೊಂದಾಗಿ ದಾಟಿಸುವ ಅವಕಾಶವೇ ಇಲ್ಲ. ದಾಟುವ ದಿನ ಎಲ್ಲವೂ ಒಟ್ಟಿಗೇ ದಾಟಬೇಕು. ಹಾಗಾಗಿ ಆ ದಿನಕ್ಕೆ ಉಳಿಯುವ ಹೊರೆಯನ್ನು ಎಷ್ಟು ಕಡಿಮೆ ಮಾಡಿಕೊಳ್ಳುತ್ತೀರೋ ಅಷ್ಟು ಒಳ್ಳೆಯದು.

ಮಳೆಗಾಲದ ಹೆಚ್ಚಿನ ಭಾಗ ಈ ಪೂರ್ವಸಿದ್ಧತೆಯಲ್ಲೇ ಕಳೆಯಿತು. ಪೈಥಾನ್‌ನ ಎಚ್ಚರಿಕೆಗಳನ್ನೆಲ್ಲ ತೋರಿಸುವ ಆಯ್ಕೆ ಹಾಕಿ ಓಡಿಸಿದರೆ ಡೆಪ್ರಿಕೇಟೆಡ್ ಆದ, ಅಂದರೆ ಇನ್ನು ಬಳಸಬೇಡಿ ಎಂದು ಗುರುತಿಸಿದ ಕರೆಗಳೆಲ್ಲ ಟರ್ಮಿನಲ್‌ನಲ್ಲಿ ಸಾಲುಗಟ್ಟಿ ಬರುತ್ತವೆ. ಹೆಚ್‌ಬಾಕ್ಸ್, ವಿಬಾಕ್ಸ್, ಟೇಬಲ್ ಹೋಗಿ ಬಾಕ್ಸ್ ಮತ್ತು ಗ್ರಿಡ್ ಆದವು. ಎಡ-ಬಲ ಮಾರ್ಜಿನ್ ಹೋಗಿ ಸ್ಟಾರ್ಟ್-ಎಂಡ್ ಮಾರ್ಜಿನ್ ಬಂತು. ‘ಪ್ಯಾಕ್ ಸ್ಟಾರ್ಟ್’ಗೆ ಕೊಡುತ್ತಿದ್ದ ಎಕ್ಸ್‌ಪ್ಯಾಂಡ್, ಫಿಲ್ ಮೌಲ್ಯಗಳನ್ನು ತೆಗೆದು ಆಯಾ ವಿಜೆಟ್‌ನ (ಬಟನ್, ಲೇಬಲ್‌ನಂಥ ಕಿಟಕಿಯ ತುಣುಕಿನ) ಮೇಲೇ ‘ಹೆಚ್-ಎಕ್ಸ್‌ಪ್ಯಾಂಡ್’, ‘ವಿ-ಎಕ್ಸ್‌ಪ್ಯಾಂಡ್’ ಇಟ್ಟೆ. ‘ಜಿಟಿಕೆ ಮೇನ್’ ಎಂದು ಶುರುವಾಗುತ್ತಿದ್ದ ಪ್ರೋಗ್ರಾಂ ‘ಜಿಟಿಕೆ ಅಪ್ಲಿಕೇಷನ್’ ಆಯಿತು. ಮೆನುಗಳನ್ನು ಜಿ-ಮೆನು ಮತ್ತು ಆಕ್ಷನ್‌ಗಳಿಗೆ (ಹೆಸರಿಟ್ಟ ಆಜ್ಞೆಗಳಿಗೆ) ಬದಲಿಸಿದೆ. ಬೇಸರದ ಕೆಲಸ, ಕಷ್ಟದ್ದಲ್ಲ. ಇದೆಲ್ಲ ಜಿಟಿಕೆ 3ರಲ್ಲೇ ನಡೆಯುತ್ತದೆ, ಆದ್ದರಿಂದ ಪ್ರತಿ ಬದಲಾವಣೆಯನ್ನೂ ಆಗಿಂದಾಗಲೇ ವಾಚನಾಲಯಕ್ಕೆ ಕಳಿಸಿ ಪರೀಕ್ಷಿಸಬಹುದಿತ್ತು. ಮೇಷ್ಟ್ರಿಗೆ ಏನೂ ಬದಲಾದಂತೆ ಕಾಣಲಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಇದೇ ಹಂತದಲ್ಲಿ ಡೈಲಾಗ್‌ಗಳನ್ನೂ ಸರಿಮಾಡಿಕೊಳ್ಳಿ. ಜಿಟಿಕೆ 4ರಲ್ಲಿ ಡೈಲಾಗ್‌ನ ‘ರನ್’ ಇಲ್ಲ. ಹಳೆ ಕೋಡಿನಲ್ಲಿ "ಈ ಸದಸ್ಯರನ್ನು ತೆಗೆದುಹಾಕಬೇಕೇ?" ಎಂದು ಕೇಳಿ, ‘ರನ್’ ಎಂದು ಬರೆದರೆ, ಉತ್ತರ ಬರುವ ತನಕ ಆ ಸಾಲಿನಲ್ಲೇ ಪ್ರೋಗ್ರಾಂ ನಿಂತಿರುತ್ತಿತ್ತು. ಹೌದು ಎಂದರೆ ಮುಂದಿನ ಸಾಲಿನಲ್ಲಿ ಅಳಿಸುವುದು. ಈಗ ಪ್ರೋಗ್ರಾಂ ನಿಲ್ಲುವುದಿಲ್ಲ. ಡೈಲಾಗ್ ತೋರಿಸಿ ಮುಂದೆ ಹೋಗುತ್ತದೆ, ಉತ್ತರ ಬಂದಾಗ ‘ರೆಸ್ಪಾನ್ಸ್’ ಸಿಗ್ನಲ್ (ಏನೋ ನಡೆಯಿತೆಂದು ಜಿಟಿಕೆ ಕಳಿಸುವ ಸೂಚನೆ) ನಿಮ್ಮ ಇನ್ನೊಂದು ಫಂಕ್ಷನ್ನನ್ನು ಕರೆಯುತ್ತದೆ. ಒಂದೇ ಪ್ರಶ್ನೆಯಿದ್ದರೆ ಸುಲಭ. ನನ್ನಲ್ಲಿ ಮೂರು ಪ್ರಶ್ನೆಗಳ ಸರಪಳಿ ಇತ್ತು: ಸದಸ್ಯರ ಬಳಿ ಪುಸ್ತಕ ಬಾಕಿಯಿದೆ, ಆದರೂ ಮುಂದುವರಿಯಬೇಕೇ, ದಂಡ ಮನ್ನಾ ಮಾಡಬೇಕೇ, ರಸೀದಿ ಮುದ್ರಿಸಬೇಕೇ. ಒಂದೇ ಫಂಕ್ಷನ್‌ನಲ್ಲಿ ಮೇಲಿಂದ ಕೆಳಕ್ಕೆ ಓದಿಕೊಂಡು ಹೋಗಬಹುದಾಗಿದ್ದ ತರ್ಕ ನಾಲ್ಕು ತುಂಡಾಯಿತು.

ಇಲ್ಲಿ ಒಂದು ಅಪಾಯವಿದೆ. ಡೈಲಾಗ್ ತೆರೆದಿರುವಾಗ ಹಿಂದಿನ ಪಟ್ಟಿಯಲ್ಲಿ ಆಯ್ಕೆಯಾದ ಸಾಲು ಬದಲಾಗಬಹುದು. ಉತ್ತರ ಬಂದ ಮೇಲೆ "ಈಗ ಆಯ್ಕೆಯಾಗಿರುವ ಸದಸ್ಯ ಯಾರು" ಎಂದು ಪಟ್ಟಿಯನ್ನು ಕೇಳಿದರೆ ಬೇರೆಯವರ ಹೆಸರು ಸಿಕ್ಕೀತು, ಬೇರೆಯವರ ದಾಖಲೆ ಅಳಿದೀತು. ಡೈಲಾಗ್ ತೆರೆಯುವ ಕ್ಷಣದಲ್ಲೇ ಸದಸ್ಯತ್ವದ ಸಂಖ್ಯೆಯನ್ನು ಹಿಡಿದಿಟ್ಟುಕೊಂಡು ಅದನ್ನೇ ಕೊನೆಯ ತುಂಡಿನ ತನಕ ಸಾಗಿಸಿ. ಜೊತೆಗೆ ಡೈಲಾಗನ್ನು ಮೋಡಲ್ ಮಾಡಿ (ಅದು ಮುಚ್ಚುವ ತನಕ ಹಿಂದಿನ ಕಿಟಕಿಯನ್ನು ಮುಟ್ಟಲಾಗದಂತೆ), ಅದರ ಪೋಷಕ ಕಿಟಕಿ ಯಾವುದೆಂದು ಹೇಳಿ. ಕಿಟಕಿ ಮುಚ್ಚುವಾಗ "ಉಳಿಸಬೇಕೇ?" ಎಂದು ಕೇಳುವ ಕಡೆಯೂ ಇದೇ ಕಥೆ. ಮೊದಲು ಮುಚ್ಚುವುದನ್ನು ತಡೆಯಬೇಕು, ಆಮೇಲೆ ಕೇಳಬೇಕು, ಉತ್ತರ ಬಂದ ಮೇಲೆ ನಾವೇ ಮುಚ್ಚಬೇಕು. ಆ ಸಿಗ್ನಲ್‌ನ ಹೆಸರು 3ರಲ್ಲಿ ‘ಡಿಲೀಟ್ ಇವೆಂಟ್’, 4ರಲ್ಲಿ ‘ಕ್ಲೋಸ್ ರಿಕ್ವೆಸ್ಟ್’.

ಫೈಲ್ ಆರಿಸಲು 4.6ರಲ್ಲಿ ನನಗೆ ಸಿಕ್ಕಿದ್ದು ‘ಫೈಲ್ ಚೂಸರ್ ನೇಟಿವ್’. 4.10ರಿಂದ ಅದೂ ಡೆಪ್ರಿಕೇಟೆಡ್, ಆದರೆ ಜಿಟಿಕೆ 4 ಇರುವ ತನಕ ಕೆಲಸ ಮಾಡುತ್ತದೆ. ಅದೊಂದು ವಿಜೆಟ್ ಅಲ್ಲ, ಯಾವ ಕಿಟಕಿಯೂ ಅದನ್ನು ಹಿಡಿದಿಟ್ಟುಕೊಂಡಿರುವುದಿಲ್ಲ. ಫಂಕ್ಷನ್‌ನೊಳಗಿನ ಸಾಮಾನ್ಯ ವೇರಿಯಬಲ್‌ನಲ್ಲಿ ಇಟ್ಟರೆ, ಫಂಕ್ಷನ್ ಮುಗಿದೊಡನೆ ಪೈಥಾನ್ ಅದನ್ನು ಕಸಕ್ಕೆ ಹಾಕುತ್ತದೆ. ಫೈಲ್ ಆರಿಸುವ ಕಿಟಕಿ ಬರುವುದೇ ಇಲ್ಲ, ಅಥವಾ ಬಂದಷ್ಟೇ ಬೇಗ ಮಾಯವಾಗುತ್ತದೆ. ಟರ್ಮಿನಲ್‌ನಲ್ಲಿ ಒಂದು ಅಕ್ಷರದ ದೂರೂ ಇರುವುದಿಲ್ಲ. ‘ಸೆಲ್ಫ್’ ಮೇಲೆ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಬಿಡಿ.

ಇಷ್ಟೆಲ್ಲ ಆದ ಮೇಲೆ ಆಗಸ್ಟ್ ಕೊನೆಯಲ್ಲಿ, ಯಾವ ಜಿಟಿಕೆ ಬೇಕೆಂದು ಹೇಳುವ ‘ರಿಕ್ವೈರ್ ವರ್ಷನ್’ ಸಾಲಿನ 3.0ನ್ನು 4.0 ಮಾಡಿದೆ. ಏನೂ ಕಾಣಲಿಲ್ಲ. ದೋಷದ ಸಾಲು ಒಂದೊಂದೇ ಬರತೊಡಗಿತು. ಪೈಥಾನ್‌ನವರ ಕಷ್ಟ ಇಲ್ಲಿದೆ: ಸಿ ಭಾಷೆಯಲ್ಲಾದರೆ ಇಲ್ಲದ ಫಂಕ್ಷನ್‌ಗಳ ಪಟ್ಟಿಯನ್ನು ಕಂಪೈಲರ್ ಒಂದೇ ಸಲ ಕೊಡುತ್ತದೆ. ಪೈಥಾನ್‌ನಲ್ಲಿ ಆ ಸಾಲು ಓಡಿದಾಗ ಮಾತ್ರ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ತೆರೆಯುವ ವಾರ್ಷಿಕ ವರದಿಯ ಕಿಟಕಿಯಲ್ಲಿ ಅಡಗಿದ ದೋಷ ಮಾರ್ಚ್‌ನಲ್ಲಿ ಮೇಷ್ಟ್ರ ಎದುರು ಸಿಡಿಯಬಾರದು. ಅದಕ್ಕಾಗಿ ಪ್ರತಿ ಕಿಟಕಿಯನ್ನೂ ತೆರೆದು, ಪ್ರತಿ ಆಕ್ಷನ್ ಅನ್ನೂ ಒತ್ತಿ ಮುಚ್ಚುವ ಸಣ್ಣ ಪರೀಕ್ಷಾ ಸ್ಕ್ರಿಪ್ಟ್ ಬರೆದೆ. ಎರಡು ಸಂಜೆಯ ಕೆಲಸ, ಆಮೇಲೆ ಅದೇ ನನ್ನ ಬೆನ್ನೆಲುಬು.

‘ಕಂಟೇನರ್’ ಎಂಬ ಮೂಲ ವರ್ಗವೇ ಈಗ ಇಲ್ಲ, ಹಾಗಾಗಿ ಎಲ್ಲ ಕಡೆ ‘ಆಡ್’ ಹೋಗಿ, ಕಿಟಕಿಗೆ ‘ಸೆಟ್ ಚೈಲ್ಡ್’, ಬಾಕ್ಸ್‌ಗೆ ‘ಅಪೆಂಡ್’, ಹೀಗೆ ಒಂದೊಂದಕ್ಕೆ ಒಂದೊಂದು. ‘ಶೋ ಆಲ್’ ಬೇಡ, ವಿಜೆಟ್‌ಗಳು ಹುಟ್ಟುವಾಗಲೇ ಕಾಣುವ ಸ್ಥಿತಿಯಲ್ಲಿರುತ್ತವೆ. ಬದಲಿಗೆ ಅಡಗಿಸಬೇಕಾದ್ದನ್ನು ನೀವೇ ಹುಡುಕಿ ಅಡಗಿಸಬೇಕು. ಬಾರ್ಡರ್ ವಿಡ್ತ್ ಇಲ್ಲ, ಟೂಲ್‌ಬಾರ್ ಇಲ್ಲ, ಇವೆಂಟ್ ಬಾಕ್ಸ್ ಇಲ್ಲ, ರೇಡಿಯೋ ಬಟನ್ ಬದಲು ಗುಂಪು ಮಾಡಿದ ಚೆಕ್ ಬಟನ್. ಎಕ್ಸ್‌ಎಂಎಲ್‌ನಲ್ಲಿದ್ದ ಯುಐ ಕಡತಗಳಿಗೆ ‘ಜಿಟಿಕೆ4 ಬಿಲ್ಡರ್ ಟೂಲ್’ ಇದೆ. ಅದರ ‘ಸಿಂಪ್ಲಿಫೈ’ ಆಜ್ಞೆಗೆ ‘3ಟು4’ ಆಯ್ಕೆ ಕೊಟ್ಟರೆ ಬಹಳಷ್ಟನ್ನು ತಾನೇ ಬದಲಿಸುತ್ತದೆ. ಎಲ್ಲವನ್ನೂ ಅಲ್ಲ, ಫಲಿತಾಂಶವನ್ನು ಸಾಲು ಸಾಲಾಗಿ ಓದಿ. ಕಿಟಕಿಗಳನ್ನು ವಿನ್ಯಾಸ ಮಾಡುವ ಹಳೆ ಸಾಧನ ಗ್ಲೇಡ್ ಜಿಟಿಕೆ 4ರ ಕಡತಗಳಿಗೆ ಆಗಿಬರುವುದಿಲ್ಲ. ಕಂಬಲಾಚೆ ಎಂಬ ಹೊಸ ಸಾಧನವಿದೆ, ಆದರೆ ನನ್ನ ಕಡತಗಳು ಚಿಕ್ಕವಾದ್ದರಿಂದ ಕೈಯಲ್ಲೇ ತಿದ್ದಿದೆ. ಸಿಗ್ನಲ್‌ಗಳನ್ನು ಜೋಡಿಸುತ್ತಿದ್ದ ‘ಕನೆಕ್ಟ್ ಸಿಗ್ನಲ್ಸ್’ ಕೂಡ ಇಲ್ಲ. ಬಿಲ್ಡರ್ ಸೃಷ್ಟಿಸುವಾಗಲೇ ಫಂಕ್ಷನ್‌ಗಳಿರುವ ಆಬ್ಜೆಕ್ಟನ್ನು ಅದಕ್ಕೆ ಕೊಡಬೇಕು.

ಆ ದಿನಗಳು ಮನಸ್ಸಿಗೆ ಭಾರವಾಗಿದ್ದವು. ಹಗಲಿನ ಉದ್ಯೋಗ ಮುಗಿಸಿ ರಾತ್ರಿ ಕೂತು, ಮಲಗುವ ಹೊತ್ತಿಗೆ ತೋರಿಸಲು ಒಂದು ಕಿಟಕಿಯೂ ಇರುತ್ತಿರಲಿಲ್ಲ. ಮೂರರಲ್ಲೇ ಚೆನ್ನಾಗಿತ್ತಲ್ಲ ಎಂದು ಎಷ್ಟೋ ಸಲ ಅನಿಸಿದ್ದುಂಟು. ಒಂದು ರಾತ್ರಿ ಮುಖ್ಯ ಕಿಟಕಿ ತೆರೆದುಕೊಂಡು, ಹೊಸ ಲ್ಯಾಪ್‌ಟಾಪಿನ ಪರದೆಯ ಮೇಲೆ ‘ಪುಸ್ತಕಗಳು’ ಎಂಬ ಪದದ ಸಕಾರ, ಅದರ ಕೆಳಗಿನ ತ ಒತ್ತು ಕೊರೆದಿಟ್ಟಂತೆ ಸ್ಪಷ್ಟವಾಗಿ ಕಂಡಾಗ ಹೋದ ಜೀವ ಬಂತು. ಪರದೆಯ ಫೋಟೋ ತೆಗೆದು ಆ ಹೊತ್ತಲ್ಲೇ ಮೇಷ್ಟ್ರಿಗೆ ಕಳಿಸಿದೆ. ಬೆಳಿಗ್ಗೆ ಉತ್ತರ ಬಂದಿತ್ತು: "ಕನ್ನಡಕ ಬದಲಿಸೋದು ಬೇಡ ಹಾಗಾದ್ರೆ."

ಇನ್ನು ಕನ್ನಡ ಟೈಪಿಂಗ್. ಇದನ್ನು ಗಮನವಿಟ್ಟು ಓದಿ.

ನನ್ನ ಎರವಲು ಕಿಟಕಿಯಲ್ಲಿ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುವಂತೆ, ಕೆಲವು ಬಿಡಿ ಕೀಲಿಗಳಿಗೆ ಶಾರ್ಟ್‌ಕಟ್ ಇರುವಂತೆ ಹಿಂದಿನಿಂದಲೂ ಇತ್ತು. ಜಿಟಿಕೆ 4ರಲ್ಲಿ ‘ಕೀ ಪ್ರೆಸ್ ಇವೆಂಟ್’ ಸಿಗ್ನಲ್ ಇಲ್ಲ, ಅದರ ಬದಲು ‘ಇವೆಂಟ್ ಕಂಟ್ರೋಲರ್ ಕೀ’. ಅದನ್ನು ಎಂಟ್ರಿಗೆ (ಬರೆಯುವ ಖಾನೆಗೆ) ಜೋಡಿಸಿದರೆ ಕೀಲಿಗಳು ಅದರ ಕೈಗೆ ಸಿಗುವುದಿಲ್ಲ, ಏಕೆಂದರೆ ಎಂಟ್ರಿಯೊಳಗೆ ‘ಜಿಟಿಕೆ ಟೆಕ್ಸ್ಟ್’ ಎಂಬ ಇನ್ನೊಂದು ವಿಜೆಟ್ ಕೂತು ಮೊದಲೇ ನುಂಗಿಬಿಡುತ್ತದೆ. ಹುಡುಕಿದರೆ ಎಲ್ಲರೂ ಕೊಡುವ ಸಲಹೆ ಒಂದೇ: ಕಂಟ್ರೋಲರನ್ನು ಕ್ಯಾಪ್ಚರ್ ಹಂತಕ್ಕೆ ಹಾಕಿ. ಇಂಗ್ಲಿಷ್ ಟೈಪ್ ಮಾಡುವವರಿಗೆ ಅದು ಸರಿ. ಕನ್ನಡಕ್ಕೆ ಸರಿಯಲ್ಲ. ಕ್ಯಾಪ್ಚರ್ ಹಂತದಲ್ಲಿ ಕೀಲಿ ಮೊದಲು ನಿಮ್ಮ ಕೋಡಿಗೆ ಬರುತ್ತದೆ, ಕೀಲಿಗಳಿಂದ ಕನ್ನಡ ಅಕ್ಷರ ಕಟ್ಟುವ ಐಬಸ್‌ಗೆ ಹೋಗುವುದು ಆಮೇಲೆ. ಕೆಜಿಪಿ ಕೀಲಿಮಣೆಯಲ್ಲಿ ಎಫ್ ಒತ್ತಿ ಒತ್ತಕ್ಷರ ಮೂಡಿಸುತ್ತಾರೆ, ಐಟ್ರಾನ್ಸ್‌ನಲ್ಲಿ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕ್ರಮ) ಬರೆಯುವವರ ಪದ ಇನ್ನೂ ಅರ್ಧ ಕಟ್ಟಿಕೊಳ್ಳುತ್ತಿರುತ್ತದೆ. ನಡುವೆ ನಿಮ್ಮ ಕೋಡ್ ಆ ಕೀಲಿಯನ್ನು ಕಸಿದುಕೊಂಡರೆ ಅಕ್ಷರ ಕಟ್ಟುವುದು ಅಲ್ಲಿಗೇ ನಿಲ್ಲುತ್ತದೆ. ಪದ ಪೂರ್ತಿಯಾಗುವ ಮೊದಲೇ ಎಂಟರ್ ಒತ್ತಿದರೆ ಅರ್ಧ ಹೆಸರೇ ದಾಖಲಾಗಬಹುದು.

ಪರಿಹಾರ ಸರಳವಾಗಿದೆ. ಎಂಟರ್‌ಗೆ ಕೀಲಿ ಹಿಡಿಯಲು ಹೋಗಬೇಡಿ, ಎಂಟ್ರಿಯ ‘ಆಕ್ಟಿವೇಟ್’ ಸಿಗ್ನಲ್ ಬಳಸಿ. ಅಕ್ಷರ ಕಟ್ಟುವ ವ್ಯವಸ್ಥೆ ಎಂಟರ್ ಅನ್ನು ತಾನು ಬಳಸದೆ ಬಿಟ್ಟುಕೊಟ್ಟಾಗ ಮಾತ್ರ ಅದು ಬರುತ್ತದೆ. ಮಿಕ್ಕ ಶಾರ್ಟ್‌ಕಟ್‌ಗಳನ್ನು ಕಂಟ್ರೋಲ್ ಜೊತೆಗಿನ ಕೀಲಿ ಅಥವಾ ಎಫ್2, ಎಫ್5ನಂಥ ಫಂಕ್ಷನ್ ಕೀಲಿಗೆ ಬದಲಿಸಿ, ಅಪ್ಲಿಕೇಷನ್‌ನ ಆಕ್ಷನ್‌ಗಳಿಗೆ ಕಟ್ಟಿ. ಬಿಡಿ ಅಕ್ಷರದ ಶಾರ್ಟ್‌ಕಟ್ ಬರೆಯುವ ಕಿಟಕಿಯಲ್ಲಿ ಇರಲೇಬಾರದು. ಮೇಷ್ಟ್ರ ಕೈಗೆ ಹೊಸ ಕೀಲಿಗಳು ಒಗ್ಗಲು ಸ್ವಲ್ಪ ಸಮಯ ಹಿಡಿಯಿತು. ಒಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದಾರೆ.

ಆಮೇಲೆ ಪಟ್ಟಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಇದು. ಪಟ್ಟಿ ತೋರಿಸುವ ಹಳೆ ವಿಜೆಟ್ ‘ಟ್ರೀ ವ್ಯೂ’ ಜಿಟಿಕೆ 4ರಲ್ಲೂ ಇದೆ, 4.10ರಿಂದ ಡೆಪ್ರಿಕೇಟೆಡ್ ಅಷ್ಟೆ. ನನ್ನ ಗಟ್ಟಿ ಸಲಹೆ: ಮೊದಲ ಸುತ್ತಿನಲ್ಲಿ ಅದನ್ನು ಹಾಗೇ ಬಿಡಿ. ಪ್ರೋಗ್ರಾಂ ಪೂರ್ತಿ 4ರ ಮೇಲೆ ನಿಂತ ಮೇಲೆ, ಒಂದೊಂದೇ ಪಟ್ಟಿಯನ್ನು ಹೊಸ ‘ಕಾಲಂ ವ್ಯೂ’ಗೆ ಬದಲಿಸಿ. ಕಿಟಕಿಗಳಿಗೆ ಸಿಗದ ಒಂದೊಂದಾಗಿ ಮಾಡುವ ಅವಕಾಶ ಪಟ್ಟಿಗಳಿಗೆ ಸಿಗುತ್ತದೆ.

ಕಾಲಂ ವ್ಯೂನಲ್ಲಿ ಯೋಚಿಸುವ ರೀತಿಯೇ ಬೇರೆ. ಪ್ರತಿ ಪುಸ್ತಕವೂ ಒಂದು ಜಿ-ಆಬ್ಜೆಕ್ಟ್. ಶೀರ್ಷಿಕೆ, ಲೇಖಕ, ಕ್ರಮಸಂಖ್ಯೆ ಅದರ ಪ್ರಾಪರ್ಟಿಗಳು. ಅವು ‘ಲಿಸ್ಟ್ ಸ್ಟೋರ್’ನಲ್ಲಿರುತ್ತವೆ. ಅದರ ಮೇಲೆ ಫಿಲ್ಟರ್, ಫಿಲ್ಟರ್ ಮೇಲೆ ಸಾರ್ಟ್, ಅದರ ಮೇಲೆ ಆಯ್ಕೆ. ಪ್ರತಿ ಕಾಲಂಗೆ ಒಂದು ಫ್ಯಾಕ್ಟರಿ. ಅದು ‘ಸೆಟಪ್’ ಎಂದಾಗ ಖಾಲಿ ಲೇಬಲ್ ಮಾಡಿಕೊಡಬೇಕು, ‘ಬೈಂಡ್’ ಎಂದಾಗ ಆ ಲೇಬಲ್‌ಗೆ ಪುಸ್ತಕದ ಹೆಸರು ತುಂಬಬೇಕು. ಪಟ್ಟಿಯಲ್ಲಿ ಎಷ್ಟೇ ಸಾವಿರ ಪುಸ್ತಕವಿರಲಿ, ಪರದೆಗೆ ಬೇಕಾದಷ್ಟು ಸಾಲುಗಳು ಮಾತ್ರ ಹುಟ್ಟಿ, ಸರಿಸಿದಂತೆಲ್ಲ ಅವೇ ಸಾಲುಗಳಿಗೆ ಹೊಸ ಪುಸ್ತಕ ಬಂದು ಕೂರುತ್ತದೆ. ಬಸ್ಸಿನ ಸೀಟು ಅದೇ, ನಿಲ್ದಾಣ ನಿಲ್ದಾಣಕ್ಕೆ ಪ್ರಯಾಣಿಕರು ಬೇರೆ ಎನ್ನುವ ಹಾಗೆ. ಹಾಗಾಗಿ ಬೈಂಡ್‌ನಲ್ಲಿ ಜೋಡಿಸಿದ ಪ್ರತಿ ಸಿಗ್ನಲನ್ನೂ ‘ಅನ್‌ಬೈಂಡ್’ನಲ್ಲಿ ಕಳಚಲೇಬೇಕು. ಕಳಚದಿದ್ದರೆ ‘ವಾಪಸು ಬಂತು’ ಎಂಬ ಚೆಕ್ ಬಟನ್‌ನಲ್ಲಿ ಒಂದು ಪುಸ್ತಕಕ್ಕೆ ಗುರುತು ಹಾಕಿದರೆ, ಆ ಸಾಲಿನಲ್ಲಿ ಮೊದಲು ಕೂತಿದ್ದ ಪುಸ್ತಕವೂ ವಾಪಸು ಬಂದಂತೆ ದಾಖಲಾಗುತ್ತದೆ. ಪರದೆಯಲ್ಲಿ ಎಲ್ಲ ಸರಿಯಾಗಿ ಕಂಡು ಲೆಕ್ಕ ಮಾತ್ರ ಕೆಡುವ ದೋಷ ಇದು. ಪರೀಕ್ಷಿಸುವಾಗ ಪಟ್ಟಿಯನ್ನು ಮೇಲೆ ಕೆಳಗೆ ಚೆನ್ನಾಗಿ ಸರಿಸಿ, ಆಮೇಲೆ ಗುರುತು ಹಾಕಿ, ಡೇಟಾಬೇಸ್ ತೆರೆದು ನೋಡಿ.

ಪುಸ್ತಕಗಳನ್ನು ಸ್ಟೋರ್‌ಗೆ ಒಂದೊಂದಾಗಿ ‘ಅಪೆಂಡ್’ ಮಾಡಿದರೆ ಪ್ರತಿ ಸಲವೂ ಮೇಲಿನ ಎಲ್ಲ ಪದರಗಳಿಗೆ ಸುದ್ದಿ ಹೋಗುತ್ತದೆ, ತೆರೆಯುವುದು ನಿಧಾನವಾಗುತ್ತದೆ. ‘ಸ್ಪ್ಲೈಸ್’ ಬಳಸಿ ಎಲ್ಲವನ್ನೂ ಒಂದೇ ಸಲ ತುಂಬಿ. ಅಕಾರಾದಿ ವಿಂಗಡಣೆಯಲ್ಲೂ ಒಂದು ವಿಷಯ: ಕನ್ನಡ, ಇಂಗ್ಲಿಷ್ ಶೀರ್ಷಿಕೆಗಳು ಬೆರೆತಿದ್ದು, ಉದ್ಧರಣ ಚಿಹ್ನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜೋಡಿಸಲು ನನ್ನದೇ ಹೋಲಿಕೆಯ ಫಂಕ್ಷನ್ ಇತ್ತು. ಅದನ್ನು ‘ಕಸ್ಟಮ್ ಸಾರ್ಟರ್’ಗೆ ಕೊಟ್ಟರೆ ಪ್ರತಿ ಹೋಲಿಕೆಗೂ ಪೈಥಾನ್‌ಗೆ ಬಂದು ಹೋಗಬೇಕು, ಬಹಳ ನಿಧಾನ. ಬದಲಿಗೆ ಪುಸ್ತಕಗಳನ್ನು ಓದಿಕೊಳ್ಳುವಾಗಲೇ ಒಮ್ಮೆ ವಿಂಗಡಿಸಿ, ಪ್ರತಿ ಪುಸ್ತಕಕ್ಕೂ ಅದರ ಸ್ಥಾನದ ಸಂಖ್ಯೆಯನ್ನು ಒಂದು ಪ್ರಾಪರ್ಟಿಯಾಗಿ ಕೊಟ್ಟು, ‘ನ್ಯೂಮರಿಕ್ ಸಾರ್ಟರ್’ ಹಾಕಿದೆ. ಕಾಲಂ ತಲೆಯ ಮೇಲೆ ಒತ್ತಿದರೆ ಈಗ ಕಾಯುವುದೇ ಇಲ್ಲ.

ಒಂದು ನಷ್ಟವನ್ನೂ ಹೇಳಬೇಕು. ಟ್ರೀ ವ್ಯೂನಲ್ಲಿ ಪಟ್ಟಿಯ ಮೇಲೆ ಸುಮ್ಮನೆ ಟೈಪ್ ಮಾಡಿದರೆ ಆ ಹೆಸರಿನ ಸಾಲಿಗೆ ನೆಗೆಯುತ್ತಿತ್ತು. ಕಾಲಂ ವ್ಯೂನಲ್ಲಿ ಅದಿಲ್ಲ. ಮೇಲೊಂದು ಹುಡುಕು ಪೆಟ್ಟಿಗೆ ಇಟ್ಟು ಫಿಲ್ಟರ್‌ಗೆ ಜೋಡಿಸಿದೆ. ಮುಖಪುಟದ ಚಿತ್ರಗಳೆಲ್ಲ ಉಗುರಿನಷ್ಟು ಸಣ್ಣದಾದವು. ‘ಇಮೇಜ್’ ಈಗ ಐಕಾನ್‌ಗೆ ಮಾತ್ರ, ಚಿತ್ರಗಳಿಗೆ ‘ಪಿಕ್ಚರ್’ ಎಂಬ ಬೇರೆ ವಿಜೆಟ್ ಇದೆ. ಸಾಲುಗಳ ನಡುವೆ ಜಾಗ ಜಾಸ್ತಿ ಎನಿಸಿದರೆ ‘ಡೇಟಾ ಟೇಬಲ್’ ಸ್ಟೈಲ್ ಕ್ಲಾಸ್ ಕೊಡಿ. ಮುದ್ರಣದ ‘ಪ್ರಿಂಟ್ ಆಪರೇಷನ್’ ಮಾತ್ರ ಹೆಚ್ಚು ತಕರಾರಿಲ್ಲದೆ ದಾಟಿತು. ರಸೀದಿ ಮೊದಲ ಸಲಕ್ಕೇ ಸರಿಯಾಗಿ ಬಂತು.

ಅಳವಡಿಸಲು ವಾಚನಾಲಯದ ರಜೆಯ ದಿನಕ್ಕೆ ಕಾಯಬೇಕಿತ್ತು, ಎರವಲು ನಡೆಯುವ ದಿನ ಯಂತ್ರ ನಿಲ್ಲಿಸುವಂತಿಲ್ಲ. ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಆಯಿತು. ಹಳೆ ಡೆಸ್ಕ್‌ಟಾಪಿನಲ್ಲಿ ಕನ್ನಡವೇ ಬರಲಿಲ್ಲ. ಅಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್, ವೇಲ್ಯಾಂಡ್ ಬದಲು ಹಳೆಯ ಎಕ್ಸ್11 ಸೆಷನ್. ಬೇರೆ ಎಲ್ಲ ಪ್ರೋಗ್ರಾಂಗಳಲ್ಲೂ ಕನ್ನಡ ಬರುತ್ತದೆ, ನಮ್ಮದರಲ್ಲಿ ಮಾತ್ರ ಎಷ್ಟು ಒತ್ತಿದರೂ ಇಂಗ್ಲಿಷ್. ಕಾರಣ, ಐಬಸ್ ಜೊತೆ ಮಾತಾಡಲು ಜಿಟಿಕೆ 3ಕ್ಕೆ ಒಂದು ಪ್ಯಾಕೇಜ್, ಜಿಟಿಕೆ 4ಕ್ಕೆ ಇನ್ನೊಂದು. ‘ಐಬಸ್-ಜಿಟಿಕೆ4’ ಅಲ್ಲಿ ಇರಲಿಲ್ಲ. ಹಾಕಿ, ಲಾಗ್ಔಟ್ ಆಗಿ ಬಂದ ಮೇಲೆ ಸರಿಯಾಯಿತು. ನಿಮ್ಮ ಪ್ಯಾಕೇಜಿನ ಅವಲಂಬನೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಿಬಿಡಿ, ಇಲ್ಲದಿದ್ದರೆ ನಿಮ್ಮ ಬಳಕೆದಾರರು ನಿಮ್ಮ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಎಂದೇ ತಿಳಿಯುತ್ತಾರೆ.

ಅದೇ ಯಂತ್ರದಲ್ಲಿ ಪಟ್ಟಿ ಸರಿಸುವಾಗ ತಡವರಿಸುತ್ತಿತ್ತು. ಜಿಟಿಕೆ 4 ಎಲ್ಲವನ್ನೂ ಗ್ರಾಫಿಕ್ಸ್ ಚಿಪ್‌ನ ಮೂಲಕ ಬಿಡಿಸಲು ನೋಡುತ್ತದೆ, ಹಳೆಯ ಚಿಪ್‌ಗೆ ಅದು ಹೊರೆ. ಪ್ರೋಗ್ರಾಂ ಶುರುವಾಗುವ ಕಡತದಲ್ಲಿ ‘ಜಿಎಸ್‌ಕೆ ರೆಂಡರರ್’ ಪರಿಸರ ಚರಾಂಶವನ್ನು ಕೈರೋ (ಆ ಚಿಪ್ ಬಳಸದೆ ಬಿಡಿಸುವ ವಿಧಾನ) ಎಂದು ಇಟ್ಟ ಮೇಲೆ ಹಗುರವಾಯಿತು. ಅಕ್ಷರಗಳ ರೂಪವೂ ಸ್ವಲ್ಪ ಬೇರೆ. ಜಿಟಿಕೆ 4 ಸಬ್‌ಪಿಕ್ಸೆಲ್ ಬಣ್ಣದ ನಯಗೊಳಿಕೆ ಮಾಡುವುದಿಲ್ಲ, ಹೊಸ ಪರದೆಯಲ್ಲಿ ಚೆಂದ ಕಾಣುವ ಅಕ್ಷರ ಹಳೆ ಮಾನಿಟರ್‌ನಲ್ಲಿ ಕೊಂಚ ಮೆತ್ತಗೆ ಕಾಣುತ್ತದೆ. ಜಿಟಿಕೆ 4ರ ಸೆಟ್ಟಿಂಗ್ಸ್ ಕಡತದಲ್ಲಿ ‘ಹಿಂಟ್ ಫಾಂಟ್ ಮೆಟ್ರಿಕ್ಸ್’ ಆಯ್ಕೆಗೆ 1 ಎಂದು ಕೊಟ್ಟು, ನೋಟೊ ಸಾನ್ಸ್ ಕನ್ನಡದ ಗಾತ್ರವನ್ನು ಒಂದು ಪಾಯಿಂಟ್ ಏರಿಸಿದ ಮೇಲೆ ಮೇಷ್ಟ್ರು ಒಪ್ಪಿದರು.

ಖರ್ಚು ಎಂದರೆ ಮುಖ್ಯವಾಗಿ ಸಮಯ. ಹಣದ ಲೆಕ್ಕದಲ್ಲಿ ಹಳೆ ಡೆಸ್ಕ್‌ಟಾಪಿಗೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಒಂದು ತುಂಡು, ಓಡಾಟದ ಪೆಟ್ರೋಲ್, ಇಷ್ಟೇ. ಬೇಕಾದ ಲೈಬ್ರರಿಗಳನ್ನೂ ಜೊತೆಗೇ ತರುವ ಫ್ಲಾಟ್‌ಪ್ಯಾಕ್ ಪ್ಯಾಕೇಜ್ ಮಾಡಿದ್ದರೆ ಎಲ್ಲ ಯಂತ್ರಗಳಲ್ಲೂ ಒಂದೇ ಹೊಸ ಜಿಟಿಕೆ ಸಿಗುತ್ತಿತ್ತು, 4.6ರ ಗೆರೆ ಬೇಕಿರಲಿಲ್ಲ. ಆದರೆ ಅದರ ರನ್‌ಟೈಮ್ ನೂರಾರು ಎಂಬಿ. ವಾಚನಾಲಯಕ್ಕೆ ಇರುವುದು ಮೇಷ್ಟ್ರ ಮೊಬೈಲ್ ಹಾಟ್‌ಸ್ಪಾಟ್. ನಿಮ್ಮ ಬಳಕೆದಾರರಿಗೆ ಒಳ್ಳೆಯ ಸಂಪರ್ಕ ಇದ್ದರೆ ಆ ದಾರಿಯನ್ನೇ ಮೊದಲು ಯೋಚಿಸಿ.

ಈಗ ಮೂರೂ ಯಂತ್ರಗಳಲ್ಲಿ ಹೊಸದು ಓಡುತ್ತಿದೆ. ವಿಷಯವಾರು ವರ್ಗೀಕರಣದ ಕಿಟಕಿಯಲ್ಲಿ ಟ್ರೀ ವ್ಯೂ ಹಾಗೇ ಇದೆ. ಅದನ್ನು ‘ಟ್ರೀ ಲಿಸ್ಟ್ ಮಾಡೆಲ್’ಗೆ ಬದಲಿಸಬೇಕು, ಅವಸರವಿಲ್ಲ. ಡೇಟಾಬೇಸಿನ ರಚನೆಯನ್ನು ಈ ಕೆಲಸದ ಉದ್ದಕ್ಕೂ ಮುಟ್ಟಲಿಲ್ಲ, ಆದ್ದರಿಂದ ಜಿಟಿಕೆ 3ರ ಹಳೆ ಪ್ಯಾಕೇಜ್ ಅದೇ ಕಡತದ ಮೇಲೆ ಇಂದಿಗೂ ತೆರೆಯುತ್ತದೆ. ಮಾರ್ಚ್‌ನ ವಾರ್ಷಿಕ ವರದಿ ಹೊಸದರಲ್ಲಿ ಸರಿಯಾಗಿ ಬರುವ ತನಕ ಅದನ್ನು ಮೂರೂ ಯಂತ್ರಗಳಲ್ಲಿ ಉಳಿಸಿಕೊಂಡಿರುತ್ತೇನೆ.